ರೆಕ್ಕೆಯ ಮೇಲಿನ ಮಂಜುಗಡ್ಡೆ

ಶಿವಶರಣನ ಮಂಗಳವಾರ ಕೆಟ್ಟಿದ್ದು ಒಂದು ಫಾರ್ಮಿನ ಹದಿನೇಳನೆಯ ಪ್ರಶ್ನೆಯಿಂದ. ಅವನು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಮಹಾದೇವಪ್ಪ ಸಾವಕಾರರ ತೊಗರಿಬೇಳೆ ಆಫೀಸಿನ ಮ್ಯಾನೇಜರ್. ಸಾವಕಾರರು ಬೆಂಗಳೂರಿನ ಕಂಪನಿಯೊಂದರಲ್ಲಿ ನಾಲ್ಕು ಸೀಟಿನ ಪುಟ್ಟ ವಿಮಾನವೊಂದನ್ನು ಬುಕ್ ಮಾಡಿದ್ದರು; ಫಾರ್ಮು ಆ ಕಂಪನಿಯದು. ಪೈಲಟ್ ಒಬ್ಬನನ್ನು ಗೊತ್ತು ಮಾಡಿ, ಹಿಮಾಲಯ ನೋಡಿ ಬರುವ ಆಸೆ. ಜೊತೆಗೆ ಶಿವಶರಣನೇ ಬರಬೇಕೆಂದು ಅಪ್ಪಣೆಯೂ ಆಗಿತ್ತು. ಗೋದಾಮಿನ ಏಣಿಯ ಮೂರನೇ ಮೆಟ್ಟಿಲಿಗೇ ಕಣ್ಣು ಕತ್ತಲಾಗುವ ಮನುಷ್ಯ, ಒಲ್ಲೆ ಎನ್ನುವ ಧೈರ್ಯವಿಲ್ಲದೆ ಒಂದು ವಾರದಿಂದ ಊಟ ಬಿಟ್ಟಿದ್ದ.

ಹಾರುವಾಗ ರೆಕ್ಕೆಗೆ ಮಂಜುಗಡ್ಡೆ ಕಟ್ಟದಂತೆ ಯಾವ ವ್ಯವಸ್ಥೆ ಬೇಕು ಎಂಬುದು ಪ್ರಶ್ನೆ. ಗಾಳಿ ತುಂಬಿದಾಗ ಉಬ್ಬಿ ಮಂಜು ಒಡೆಯುವ ರಬ್ಬರ್ ಪಟ್ಟಿಯೋ, ರೆಕ್ಕೆಯಂಚಿನಲ್ಲಿ ಜಿನುಗುವ ದ್ರಾವಣವೋ, ಕರೆಂಟಿನ ಹೀಟರೋ? ಸಂಜೆಯೊಳಗೆ ಉತ್ತರ ಹೋಗಬೇಕಿತ್ತು.

ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. ಫ್ಯಾನು ಒಲೆ ಊದುವವರಂತೆ ಬಿಸಿಗಾಳಿ ಊದುತ್ತಿತ್ತು.

"ನಮ್ಮೂರಾಗ ಬರ್ಫ್ ಎಲ್ಲಿಂದ ಬರ್ತದ್ರಿ ಸರ?" ಎಂದಳು ಗುಮಾಸ್ತೆ ಜುಬೇದಾ.

"ಮ್ಯಾಗ ಮೋಡದಾಗ ಇರ್ತದಂತ."

"ಹಂಗಾದ್ರ ರಬ್ಬರ್ ಹಾಕಸ್ರಿ. ಅಷ್ಟು ಮ್ಯಾಗ ಹೋದಾಗ ಕರೆಂಟ್ ಹೋದ್ರ ಯಾರಿಗಿ ಫೋನ್ ಮಾಡ್ತೀರಿ?"

ಪಕ್ಕದ ಅಂಗಡಿಯ ಫ್ರಿಜ್ ರಿಪೇರಿ ಕಲ್ಯಾಣಪ್ಪ ಕರೆಯದೇ ಒಳಗೆ ಬಂದ. "ಬರ್ಫಿಂದು ನನಗ ಕೇಳ್ರಿ. ಮೂವತ್ತು ವರ್ಷ ಅದನ್ನೇ ತಗೀಲಾಕತ್ತೀನಿ. ಹೀಟರೇ ಬರೋಬ್ಬರಿ. ಈ ಬಿಸಿಲಿಗಿ ರಬ್ಬರ್ ಹಪ್ಪಳ ಆಗ್ತದ."

ಇಬ್ಬರ ನಡುವೆ ಮಾತಿಗೆ ಮಾತು ಬೆಳೆಯಿತು. ಚಹಾ ತಂದವನು ದ್ರಾವಣದ ಪರ ನಿಂತ. ಮಧ್ಯಾಹ್ನದ ಹೊತ್ತಿಗೆ ಫಾರ್ಮಿನಲ್ಲಿ ಮೂರು ಪೆನ್ನಿನ ಮೂರು ಗುರುತುಗಳೂ ಒಂದು ಚಹಾದ ಕಲೆಯೂ ಇದ್ದವು. ಸೋತು ಹೋದ ಶಿವಶರಣ ಬೆಂಗಳೂರಿನ ಕಂಪನಿಗೆ ಫೋನ್ ಮಾಡಿದ.

"ಯಾವುದೂ ಬೇಡ ಅಂದ್ರೂ ನಡೆಯುತ್ತೆ ಸರ್," ಎಂದಳು ಎಂಜಿನಿಯರ್ ಹುಡುಗಿ. "ಆದ್ರೆ ಮಂಜು ಕಟ್ಟೋ ಮೋಡದೊಳಗೆ ಹೋಗೋ ಹಾಗಿಲ್ಲ. ಹಿಮಾಲಯ ಮರೆತುಬಿಡಿ."

ಶಿವಶರಣನಿಗೆ ಜಾಮೀನು ಸಿಕ್ಕಷ್ಟು ಹಗುರಾಯಿತು. ಹೊಸದೊಂದು ಫಾರ್ಮ್ ಹಿಡಿದು ಕಮಲಾಪುರದ ಬಸ್ಸು ಹತ್ತಿದ. ಸಾವಕಾರರು ಅಲ್ಲಿನ ತಮ್ಮ ಕೆಂಪು ಬಾಳೆಯ ತೋಟದಲ್ಲಿದ್ದರು.

"ಸಾವಕಾರ್ರೆ, ಬರ್ಫಿನ ಸಾಮಾನೇ ಬ್ಯಾಡ್ರಿ. ವಿಮಾನ ಭಾರ ಆಗ್ತದ. ಕೆಟ್ರ ಇಲ್ಲಿ ರಿಪೇರಿ ಮಾಡವ್ರು ಯಾರೂ ಇಲ್ರಿ. ಹಿಮಾಲಯಕ್ಕ ರೈಲಿಗಿ ಹೋಗಿ ಬಂದ್ರಾಯ್ತು."

ಮಹಾದೇವಪ್ಪ ಬಾಳೆಹಣ್ಣೊಂದನ್ನು ಸುಲಿದು ತಿಂದು, ಸಿಪ್ಪೆಯನ್ನು ಗಿಡದ ಬುಡಕ್ಕೆ ಎಸೆದರು. ಶಿವಶರಣನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಖರೇ ಹೇಳ್ದಿ. ನನಗೂ ಅಷ್ಟು ದೂರ ಬ್ಯಾಡ ಅನಸ್ಲಾಕತ್ತಿತ್ತು."

'ಯಾವುದೂ ಬೇಡ' ಎಂಬಲ್ಲಿ ಸಹಿ ಬಿತ್ತು. ಶಿವಶರಣ ತಕ್ಷಣ ಫೋಟೋ ತೆಗೆದು ಕಂಪನಿಗೆ ಕಳಿಸಿದ. ವಾರದ ನಂತರ ಮೊದಲ ಸಲ ಹಸಿವಾಯಿತು. ಒಂದರ ಹಿಂದೊಂದು ಮೂರು ಹಣ್ಣು ತಿಂದ.

"ಹಿಮಾಲಯ ಇಲ್ಲಂದ್ಮ್ಯಾಗ ಪೈಲಟ್ ಯಾಕ ಬೇಕು?" ಎಂದರು ಸಾವಕಾರರು. "ಅವಂಗ ಬರಬ್ಯಾಡ ಅಂತೀನಿ. ಇಲ್ಲೇ ಊರ ಸುತ್ತಾ ತಿರಗಲಾಕ ವಿಮಾನ ನಾನೇ ಹೊಡೀತೀನಿ. ಮುಂದಿನ ತಿಂಗಳು ಕಲೀಲಾಕ ಹೊಂಟೀನಿ."

ಶಿವಶರಣ ಸುಲಿದಿದ್ದ ನಾಲ್ಕನೇ ಹಣ್ಣನ್ನು ಮತ್ತೆ ಸಿಪ್ಪೆಯೊಳಗೆ ಮುಚ್ಚಿಟ್ಟ.

"ಹಿಮಾಲಯ ಅಂದ್ರ ಒಂದೇ ಸಲ ಆಗ್ತಿತ್ತು. ಈಗ ಲೈಸೆನ್ಸ್ ಬಂತಂದ್ರ ಪ್ರತಿ ಐತವಾರ ಹೋಗ್ಬಹುದು. ನೀ ವಿಮಾನದ್ದು ಇಷ್ಟು ತಿಳ್ಕೊಂಡೀದಿ, ಬಾಜೂಕ ನೀನೇ ಕೂಡ್ಬೇಕು ನೋಡು." ಸಾವಕಾರರು ಅವನ ಬೆನ್ನು ತಟ್ಟಿ, ಸ್ವಲ್ಪ ಯೋಚಿಸಿ, ಮತ್ತೆ ಹೇಳಿದರು: "ಮೊದಮೊದಲ ಹೆಲ್ಮೆಟ್ ಹಾಕ್ಕೊಂಡ್ ಬಾ."