ಬೀರಪ್ಪನಿಗೆ ಬಿಟ್ಟ ಗುಂಡ್ಯಾ

ಡಿಗ್ರಿ ಪಾಸಾದವನಿಗೆ ಮನೆಯಲ್ಲಿ ಒಂದು ಸ್ಥಾನ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಇರುತ್ತದೆ, ಇಲ್ಲ ಅನ್ನಲಾರೆ. ಆದರೆ ಅದು ಗೋಡೆಯ ಮೇಲೆ ಇರುತ್ತದೆ. ನಾನು ಕರಿ ನಿಲುವಂಗಿ ತೊಟ್ಟು, ಸ್ಟುಡಿಯೋದವನು ಕೊಟ್ಟ ಟೊಪ್ಪಿಗೆ ಇಟ್ಟುಕೊಂಡು, ಅವನೇ ಕೊಟ್ಟ ಖಾಲಿ ಕಾಗದದ ಸುರುಳಿ ಹಿಡಿದು ನಿಂತ ಫೋಟೋ ನಮ್ಮ ನಡುಮನೆಯಲ್ಲಿದೆ. ಪಕ್ಕದಲ್ಲಿ ನಮ್ಮ ಮನೆದೇವರು ಬೀರಪ್ಪನ ಪಟ. ಭಾನುವಾರ ಅವ್ವ ಬೀರಪ್ಪನಿಗೆ ಭಂಡಾರ ಹಚ್ಚುತ್ತಾಳೆ. ಬೆರಳಲ್ಲಿ ಉಳಿದದ್ದನ್ನು ಫೋಟೋದೊಳಗಿನ ನನ್ನ ಹಣೆಗೆ ಒತ್ತುತ್ತಾಳೆ. ಭಂಡಾರ ಅಂದರೆ ಅರಿಶಿನದ ಪುಡಿಯೇ. ಕಿರಾಣಿ ಅಂಗಡಿಯಲ್ಲಿದ್ದಾಗ ಅರಿಶಿನ, ಬೀರಪ್ಪನ ಮುಂದೆ ಬಂದರೆ ಭಂಡಾರ. ಸೋಮವಾರ ದಫ್ತರಕ್ಕೆ ಹೊರಡುವ ಮುನ್ನ ನಾನು ಗಾಜು ಒರೆಸುತ್ತೇನೆ. ಆದರೂ ಅಂಚುಗಳಲ್ಲಿ ಇಳಿದಿಳಿದು ಮುಖಕ್ಕೆ ಒಂದು ಬಣ್ಣ ಬಂದುಬಿಟ್ಟಿದೆ. ಮನೆಗೆ ಬಂದ ನೆಂಟರೊಬ್ಬರು ಬಹಳ ಹೊತ್ತು ನೋಡಿ, "ಪಾಪ, ಕಾಮಾಲೆ ಇದ್ದಾಗನೂ ಪರೀಕ್ಷಾ ಬರದಾನ" ಎಂದು ಹೋದರು.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ನನಗಿಂತ ಮುಂಚಿನವರೆಲ್ಲ ಕುರಿಗಳ ಹಿಂದೆ ಹೋದವರು. ನಾರಾಯಣಪೇಟೆಯಲ್ಲಿ ಒಂದು ಕೋಣೆ ಹಿಡಿದು ಓದಿದೆ. ಊಟಕ್ಕೆ ಒಂದೊಂದು ದಿನ ಒಂದೊಂದು ಮನೆ. ಅವರ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ, ಕರೆಂಟು ಆಫೀಸಿಗೆ ಅರ್ಜಿ ಬರೆದುಕೊಡುತ್ತಿದ್ದೆ. ನನ್ನ ವಿದ್ಯೆಯ ಮೇಲಿನ ಮರ್ಯಾದೆಗೆ ಅವರು ರೊಟ್ಟಿ ಹಾಕುತ್ತಿದ್ದರು. ಆದ್ದರಿಂದ ಇವತ್ತಿಗೂ ಎಲ್ಲಿ ನಾಲ್ಕು ಜನ ಸೇರಿದರೂ ನಾನು ಹೇಳುವ ಮಾತು ಒಂದೇ: "ನಾನು ಯಾರ ಹಂಗಿನ್ಯಾಗೂ ಓದಿದಾಂವ ಅಲ್ಲ."

ಅವ್ವ ಇದನ್ನು ಒಪ್ಪುವುದಿಲ್ಲ. ನಾನು ಒಮ್ಮೆ ಇಂಗ್ಲಿಷ್ ಪರೀಕ್ಷೆಯಲ್ಲಿ ಫೇಲಾದಾಗ ಅವಳು ಹಟ್ಟಿಯಲ್ಲಿದ್ದ ಒಳ್ಳೆಯ ಟಗರೊಂದನ್ನು ಬೀರಪ್ಪನಿಗೆ ಬಿಟ್ಟಳು. ಬಿಡುವುದೆಂದರೆ ಕೊಯ್ಯುವುದಲ್ಲ. ನಮ್ಮ ಮನೆತನದ ನಡಾವಳಿ ಹೀಗೆ: ಎರಡು ಕೊಂಬಿನ ನಡುವೆ ಭಂಡಾರ ಹಚ್ಚಿ, "ಬೀರಪ್ಪಾ, ಇದು ನಿನ್ನದು" ಅಂದರೆ ಮುಗಿಯಿತು. ಅದನ್ನು ಮಾರುವಂತಿಲ್ಲ, ಬದಲಿ ಕೊಡುವಂತಿಲ್ಲ, ಕಟ್ಟಿಹಾಕುವಂತಿಲ್ಲ. ಅದು ತನ್ನ ಪಾಡಿಗೆ ತಿರುಗುತ್ತದೆ. ಟಗರು ತಿರುಗಿತು, ನಾನು ಪಾಸಾದೆ. ಅಂದಿನಿಂದ ನಮ್ಮ ಮನೆಯಲ್ಲಿ ಡಿಗ್ರಿಯ ಮಾತು ಬಂದಾಗ ಮೊದಲು ಟಗರಿನ ಹೆಸರು ಬರುತ್ತದೆ, ಆಮೇಲೆ ನನ್ನದು. ಇಷ್ಟು ಕಾಲ ನಾನು ಸಹಿಸಿಕೊಂಡು ಬಂದ ಈ ಟಗರು ಮೊನ್ನೆ ಮೊನ್ನೆ ಕಂಪ್ಯೂಟರಿನೊಳಗಿಂದ ಮತ್ತೆ ಎದ್ದು ಬಂದು ನನ್ನನ್ನು ಗುಮ್ಮೀತು ಎಂದು ಅಂದುಕೊಂಡಿರಲಿಲ್ಲ.

ನನ್ನ ಮಗಳು ನೀಲಾ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಾಳೆ. ಅದರಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ, ಪ್ರಾಣಿ ಸಾಕುವುದು. ಮೇವು ಹಾಕಬೇಕು, ಮೈ ತಿಕ್ಕಬೇಕು, ಮಾತಾಡಿಸಬೇಕು. ನಮ್ಮ ಹಿರಿಯರು ಬಿಸಿಲಲ್ಲಿ ಮಾಡಿದ್ದನ್ನೇ ಇವಳು ಫ್ಯಾನಿನ ಕೆಳಗೆ ಮಾಡುತ್ತಾಳೆ. ಕುರಿ ಕಾಯುವುದು ತಪ್ಪಲಿ ಎಂದು ನಾನು ಓದಿದೆ. ಓದಿದ ಸಂಬಳದಲ್ಲಿ ಲ್ಯಾಪ್‌ಟಾಪು ತಂದೆ. ಮಗಳು ಅದರಲ್ಲಿ ಕುರಿ ಕಾಯುತ್ತಾಳೆ. ಅವಳ ಪ್ರಾಣಿಗೆ ಟಗರಿನ ಕೊಂಬು, ನಾಯಿಯ ಬಾಲ, ಕಾಡಿಗೆ ಹಚ್ಚಿದಂಥ ಕಣ್ಣು. ಹೆಸರು ಗುಂಡ್ಯಾ.

ಆ ಆಟದ ದೊಡ್ಡ ಆಕರ್ಷಣೆ ಎಂದರೆ ಪ್ರಾಣಿಗಳ ಅಲಂಕಾರ. ಟೊಪ್ಪಿಗೆ, ರೆಕ್ಕೆ, ಮುತ್ತಿನ ಸರ, ಏನೆಲ್ಲ. ಅವನ್ನು ಆಟದ ಮಾಲೀಕರು ಮಾಡುವುದಿಲ್ಲ, ಆಡುವವರೇ ಬರೆಯುತ್ತಾರೆ. ಬರೆದು ಕಳಿಸಿದರೆ ಅಲ್ಲಿ ಪರೀಕ್ಷಿಸುವವರು ಇರುತ್ತಾರೆ. ಪ್ರಾಣಿ ನಿಂತಾಗ, ಮಲಗಿದಾಗ, ಜಿಗಿದಾಗ ಅಲಂಕಾರ ಸರಿಯಾಗಿ ಕೂರುತ್ತದೆಯೋ ಇಲ್ಲವೋ ನೋಡಿ ಪಾಸು, ಫೇಲು ಎನ್ನುತ್ತಾರೆ. ಪಾಸಾದದ್ದನ್ನು ಬೇಕಾದ ದೇಶದವರು ತಮ್ಮ ಪ್ರಾಣಿಗೆ ಹಾಕಿಕೊಳ್ಳಬಹುದು. ನೀಲಾ ಮೊದಲು ಒಂದು ಕರಿ ಕಂಬಳಿ ಬರೆದು ಕಳಿಸಿದಳು. ಫೇಲಾಯಿತು. ಕಂಬಳಿ ಹೊದಿಸಿದ ಮೇಲೆ ಪ್ರಾಣಿ ಕಾಣುವುದಿಲ್ಲ ಎಂದು ಷರಾ ಬಂತು. ಅವ್ವ ಕೇಳಿ, "ಹೌದಲ್ಲ ಮತ್ತ? ಕುರೀ ಮ್ಯಾಲಿನ ಉಣ್ಣಿ ತಗದು ಮನಿಷಾಗ ಹೊಚ್ಚತಾರ, ಕುರಿಗೇ ಯಾರರೆ ಹೊಚ್ಚತಾರೇನು? ಆ ಪರೀಕ್ಷಾ ಮಾಡಾಂವ ಕುರುಬನ ಇರಬೇಕು" ಎಂದಳು.

ಎರಡನೆಯ ಸಲ ನೀಲಾ ಭಂಡಾರ ಬರೆದಳು. ಕೊಂಬಿನ ನಡುವೆ ಹಳದಿ, ಮೂಗಿನ ಕಡೆ ಸ್ವಲ್ಪ ಉದುರಿದ ಹಾಗೆ. ಕೊರಳಿಗೆ ಉಣ್ಣೆಯ ದಾರ, ಒಂದು ಗಂಟೆ. ಅವತ್ತು ಭಾನುವಾರ. ಅವ್ವ ಪೂಜೆ ಮುಗಿಸಿ, ನನ್ನ ಫೋಟೋದ ಹಣೆಗೆ ಒತ್ತಿ, ಮೊಮ್ಮಗಳ ಕಡೆ ತಿರುಗಿದಳು.

"ಎಲ್ಲಿ ಹಚ್ಚೀದಿ ಹುಚ್ಚೀ, ಇಷ್ಟು ಮ್ಯಾಲ? ಇಲ್ಲಿ ಹಚ್ಚಬೇಕು."

"ಎಲ್ಲಿ ಅಜ್ಜಿ?"

"ಇಲ್ಲಿ" ಎಂದು ಅವ್ವ ಭಂಡಾರದ ಬೆರಳನ್ನು ಲ್ಯಾಪ್‌ಟಾಪಿನ ಪರದೆಯ ಮೇಲೆ, ಗುಂಡ್ಯಾನ ಹಣೆಗೆ, ಗಟ್ಟಿಯಾಗಿ ಒತ್ತಿದಳು. ಬಾಯಿ ರೂಢಿಯಂತೆ ಹೇಳಿಬಿಟ್ಟಿತು: "ಬೀರಪ್ಪಾ, ಇದು ನಿನ್ನದು."

ಆಗ ಯಾರೂ ಇದರ ಗಾಂಭೀರ್ಯ ಗಮನಿಸಲಿಲ್ಲ. ನಾನು ಪರದೆ ಒರೆಸುವ ಚಿಂತೆಯಲ್ಲಿದ್ದೆ. ನೀಲಾ ಅಜ್ಜಿ ತೋರಿಸಿದ ಜಾಗಕ್ಕೆ ಬಣ್ಣ ಇಳಿಸಿ, "ಅಪ್ಪಾ, ಇದರ ಬಗ್ಗೆ ಇಂಗ್ಲಿಷಿನ್ಯಾಗ ಒಂದು ಸಾಲು ಬರಿಬೇಕಂತ" ಎಂದಳು. ಮನೆಯಲ್ಲಿ ನನ್ನ ಡಿಗ್ರಿಗೆ ಕೆಲಸ ಬರುವುದೇ ಅಪರೂಪ. ಕನ್ನಡಕ ಹಾಕಿಕೊಂಡೆ. ದೇವರಿಗೆ ಬಿಟ್ಟದ್ದು ಎಂಬುದನ್ನು ಒಂದೊಂದೇ ಪದ ಹಿಡಿದು ಇಂಗ್ಲಿಷಿಗೆ ತಂದು, "ದಿಸ್ ಅನಿಮಲ್ ಈಸ್ ಲೆಫ್ಟ್ ಟು ಗಾಡ್" ಎಂದು ಬರೆದುಕೊಟ್ಟೆ. ಅಲಂಕಾರ ಪಾಸಾಯಿತು. ನಾನು ಪಾಸಾದಾಗ ಇಲ್ಲದ ಸಂಭ್ರಮ ಮನೆಯಲ್ಲಿ ನಡೆಯಿತು. ಅವ್ವ ಹೋಳಿಗೆ ಮಾಡಿದಳು.

ಮುಂದಿನ ತಾಪತ್ರಯಕ್ಕೆ ಸರ್ಕಾರವೂ ಸ್ವಲ್ಪ ಕಾರಣ. ತೆಲಂಗಾಣ ಬಂದ ಮೇಲೆ ನಮ್ಮ ಕಡೆ ಕೂತವರು ಕೂತಲ್ಲೇ ಇದ್ದೆವು. ನಮ್ಮ ಕೆಳಗಿನ ರಾಜ್ಯ ಬದಲಾಯಿತು. ಆಮೇಲೆ ಜಿಲ್ಲೆಗಳನ್ನು ಒಡೆದರು. ಗದ್ವಾಲಕ್ಕೆ ಬೇರೆ ಜಿಲ್ಲೆ, ಬೇರೆ ಕಲೆಕ್ಟರು, ಬೇರೆ ಕುರ್ಚಿಗಳು. ಕುರ್ಚಿಗೆ ಜನ ಬೇಕಲ್ಲ, ಮಖ್ತಲದ ನಮ್ಮ ದಫ್ತರದ ಸಾಹೇಬರಿಗೆ ಅಲ್ಲಿಗೆ ಆರ್ಡರು ಬಂತು. ಅವರು ಮಂತ್ರಾಲಯದ ಮಠಕ್ಕೆ ನಡೆದುಕೊಳ್ಳುವ ಮನೆತನದವರು, ಸಾತ್ವಿಕರು. ಅವರ ಮಗಳು ವೈದೇಹಿ ನಮ್ಮ ನೀಲಾಳ ಗೆಳತಿ. ಒಂದೇ ಓಣಿ, ಒಂದೇ ಬೆಂಚು, ಆಟವೂ ಒಂದೇ. ಮಖ್ತಲದಿಂದ ಗದ್ವಾಲ ದೂರವೇನಲ್ಲ, ಜೂರಾಲದ ಅಣೆಕಟ್ಟು ದಾಟಿದರೆ ಆಯಿತು. ಆದರೆ ಆ ವಯಸ್ಸಿಗೆ ಕೃಷ್ಣಾ ನದಿ ಸಮುದ್ರದಷ್ಟು ಅಗಲ. ಅತ್ತು ಮುಗಿದ ಮೇಲೆ ಇಬ್ಬರೂ ಒಂದು ಮಾತಿಗೆ ಬಂದರು: ಗುಂಡ್ಯಾ ವೈದೇಹಿಗೆ, ವೈದೇಹಿಯ ಬಿಳಿ ಕರು ನೀಲಾಗೆ. ಆ ಕರುವಿಗೆ ವೈದೇಹಿ ತಾನೇ ಬರೆದ ತುಳಸಿ ಮಾಲೆ ಹಾಕಿದ್ದಳು. ಹೋಗುವ ಮುಂಚೆ ಬದಲಾಯಿಸಿಕೊಳ್ಳಬೇಕು, ಒಬ್ಬರ ನೆನಪಿಗೆ ಒಬ್ಬರದ್ದು ಇರಬೇಕು.

ಅವ್ವನ ಕಿವಿಗೆ ಬಿತ್ತು.

"ಬೀರಪ್ಪಗ ಬಿಟ್ಟದ್ದು ಬದಲಿ ಕೊಡಾಕ ಬರ್ತೈತೇನು? ನನ್ನ ಕೈಯಾರ ಹಚ್ಚೀನಿ, ನನ್ನ ಬಾಯಾರ ಹೇಳೀನಿ."

"ಅಜ್ಜೀ, ಅದು ಚಿತ್ರ!"

"ನಿಮ್ಮಪ್ಪಂದೂ ಚಿತ್ರಾನ. ಅದನ್ನ ಕೊಟ್ಟುಬಿಡೋಣೇನು ಯಾರಿಗರೆ?"

ಅಲಂಕಾರ ತೆಗೆದುಬಿಟ್ಟರೆ ಬರೀ ಗುಂಡ್ಯಾ ಉಳಿಯುತ್ತಾನೆ ಎಂದಳು ನೀಲಾ. ಭಂಡಾರ ತೊಳೆದ ಮಾತ್ರಕ್ಕೆ ಬಿಟ್ಟದ್ದು ತಿರುಗಿ ಬಂದಂತಲ್ಲ ಎಂದಳು ಅವ್ವ. ನೀಲಾ ಊಟ ಬಿಟ್ಟಳು. ಅವಳು ಉಣ್ಣುವವರೆಗೆ ತಾನೂ ಉಣ್ಣುವುದಿಲ್ಲ ಎಂದು ಅವ್ವ ಕುಳಿತಳು. ಒಬ್ಬಳಿಗೆ ಗೆಳತಿಗೆ ಕೊಟ್ಟ ಮಾತು ದೊಡ್ಡದು, ಇನ್ನೊಬ್ಬಳಿಗೆ ದೇವರ ಮುಂದೆ ಆಡಿದ ಮಾತು. ನನ್ನ ಹೆಂಡತಿ ಎರಡು ತಟ್ಟೆಗಳನ್ನು ಮುಚ್ಚಿಟ್ಟು ನನ್ನ ಕಡೆ ನೋಡಿ, "ಡಿಗ್ರಿ ಐತಲ್ಲರೀ, ಫೈಸಲಾ ಮಾಡ್ರಿ" ಎಂದಳು.

ನಾನು ಶಾಸ್ತ್ರೋಕ್ತವಾಗಿಯೇ ಆರಂಭಿಸಿದೆ. ಅವ್ವನ ಮುಂದೆ ಕುಳಿತು, ದಫ್ತರದಲ್ಲಿ ಸರಹದ್ದಿನ ತಕರಾರು ಬಿಡಿಸುವ ಧಾಟಿಯಲ್ಲಿ, "ನೋಡವ್ವಾ, ಆ ಆಟ ನಡೆಯೋದು ಯಾವುದೋ ದೇಶದ ಕಂಪ್ಯೂಟರಿನ್ಯಾಗ. ಅದು ಬೀರಪ್ಪನ ಇಲಾಖಾದಾಗ ಬರೋದಿಲ್ಲ" ಎಂದೆ.

"ಜಿಲ್ಲಾ ಒಡದಂಗ ಬೀರಪ್ಪನ್ನೂ ಒಡದಾರೇನು?" ಎಂದಳು ಅವ್ವ.

ಬೆಂಬಲಕ್ಕೆ ಸಾಹೇಬರ ಮನೆಗೆ ಹೋದೆ. ಅವರು ಸಾಮಾನು ಕಟ್ಟಿಸುತ್ತಿದ್ದರು. ಕಥೆಯೆಲ್ಲ ಕೇಳಿದರು, ನಗಲಿಲ್ಲ. "ನಿಮ್ಮ ತಾಯಿಯವರು ಹೇಳಿದ್ದೇ ಸರಿ ಇದೆ. ನಮ್ಮಲ್ಲೂ ಕೃಷ್ಣಾರ್ಪಣ ಅಂದು ನೀರು ಬಿಟ್ಟ ಮೇಲೆ ವಾಪಸು ತಗೊಳ್ಳಾಕ ಬರೋದಿಲ್ಲರೀ" ಎಂದರು. ಒಳಗೆ ವೈದೇಹಿ ಮೂಗು ಏರಿಸುವ ಸದ್ದು ಕೇಳಿಸಿತು. ನಾನು ಬಾಗಿಲಲ್ಲಿ ಚಪ್ಪಲಿ ಹುಡುಕಿಕೊಂಡು ಬಂದೆ.

ಮನೆಗೆ ಬಂದರೆ ಇನ್ನೊಂದು ಸುದ್ದಿ. ಭಂಡಾರ ಹೊರದೇಶದವರಿಗೆ ಬಹಳ ಹಿಡಿಸಿತ್ತು. ನೀಲಾ ಮುಖ ಊದಿಸಿಕೊಂಡೇ ತೋರಿಸಿದಳು. ಹೆಸರು ಕೇಳದ ಊರುಗಳ ಮಕ್ಕಳು ತಮ್ಮ ಕೋಳಿಮೋರೆಯ, ಮೀನುಬಾಲದ, ಮೂರು ಕಣ್ಣಿನ ಪ್ರಾಣಿಗಳಿಗೆಲ್ಲ ಭಂಡಾರ ಹಚ್ಚಿದ್ದರು. ಅಷ್ಟೇ ಅಲ್ಲ, ಎಲ್ಲವನ್ನೂ ತಮ್ಮ ತಮ್ಮ ಅಂಗಳದ ಎಡಗಡೆ ಮೂಲೆಗೆ ತಂದು ನಿಲ್ಲಿಸಿದ್ದರು. ನನಗೆ ಅರ್ಥವಾಗಲಿಲ್ಲ. ಒಬ್ಬಳು ಕೇಳಿದ ಪ್ರಶ್ನೆಯನ್ನು ನೀಲಾ ಓದಿ ಹೇಳಿದಳು: ಪ್ರಾಣಿಯನ್ನು ದೇವರ ಎಡಕ್ಕೆ ನಿಲ್ಲಿಸಬೇಕೆಂದು ಬರೆದಿದ್ದೀರಿ, ಮುಖ ಯಾವ ಕಡೆ ಇರಬೇಕು? ಲೆಫ್ಟ್ ಎಂಬ ಪದಕ್ಕೆ ಎಡ ಎಂದೂ ಅರ್ಥವಿದೆ ಎಂಬುದನ್ನು ನಾನು ಬಲ್ಲೆ. ಬರೆಯುವಾಗ ನೆನಪಾಗಲಿಲ್ಲ. ಒಮ್ಮೆ ಫೇಲಾದ ವಿಷಯ ಅದು. ಹಳೆಯ ಸೇಡು ತೀರಿಸಿಕೊಂಡಿತು.

ಅವ್ವ ಊಟ ಬಿಟ್ಟಿದ್ದನ್ನೂ ಮರೆತು ಪರದೆಯ ಹತ್ತಿರ ಬಂದಳು. ಒಂದೊಂದನ್ನೂ ಹಟ್ಟಿಯಲ್ಲಿ ಕುರಿ ನೋಡುವ ಹಾಗೆ ನೋಡಿದಳು. "ಇವೆಲ್ಲಾ ಬೀರಪ್ಪಂದ?" ಎಂದಳು. "ಏ ಯಪ್ಪಾ, ಎಷ್ಟು ದೊಡ್ಡ ಹಿಂಡು ಆಗೈತಿ" ಎಂದು ಬೀರಪ್ಪನ ಪಟದ ಕಡೆ ತಿರುಗಿ ಕೈ ಮುಗಿದಳು. ಅವಳ ದನಿ ಮೆತ್ತಗಾಗಿತ್ತು. ನನ್ನಂಥವನು ಅಲ್ಲಿ ಮತ್ತೆ ವಾದ ಹೂಡುತ್ತಿದ್ದ. ನೀಲಾ ವಾದ ಮಾಡಲಿಲ್ಲ, ಒಂದು ಸಂಶಯ ಕೇಳಿದಳು.

"ಅಜ್ಜೀ, ದೇವರ ಟಗರು ತಾನಾ ಬ್ಯಾರೆ ಊರಿಗೆ ಹೋದ್ರ?"

"ಹೋಗಲಿ. ಯಾರು ತಡೀತಾರ?"

"ಅಲ್ಲಿ ಯಾರ ಮನ್ಯಾಗರ ಇದ್ದುಬಿಟ್ರ?"

"ಇರಲಿ. ಆ ಮನಿಯವರು ಒಂದು ಹಿಡಿ ಮೇವು ಹಾಕ್ತಾರ. ದೇವರ ಟಗರು ಬಂದ್ರ ಪುಣ್ಯ ಅಂತಾರ. ಕೊಟ್ಟಂಗೂ ಅಲ್ಲ, ತಗೊಂಡಂಗೂ ಅಲ್ಲ."

ನೀಲಾ ಆಗಲೇ ಕೀಲಿಮಣೆ ಒತ್ತುತ್ತಿದ್ದಳು. ಆ ಆಟದಲ್ಲಿ ಬದಲಿ ಕೊಡುವ ಗುಂಡಿ ಒಂದಾದರೆ, ಗೆಳೆಯರ ಹೊಲಕ್ಕೆ ಪ್ರಾಣಿಯನ್ನು ಮೇಯಲು ಬಿಡುವ ಗುಂಡಿ ಇನ್ನೊಂದು. ಬಿಟ್ಟ ಪ್ರಾಣಿ ಕರೆಯುವವರೆಗೆ ಅಲ್ಲೇ ಇರುತ್ತದೆ. ಕರೆಯದಿದ್ದರೆ ಆಯಿತು. ಅವ್ವನ ಎದುರಿಗೇ ಗುಂಡ್ಯಾ ಗಂಟೆ ಆಡಿಸುತ್ತ ಬೇಲಿ ದಾಟಿ ಹೋದ. "ಹೋಗಿ ಬಾರಪ್ಪಾ" ಎಂದಳು ಅವ್ವ, ಪರದೆಗೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ತುಳಸಿ ಮಾಲೆಯ ಕರು ಬಂತು. ನನ್ನ ಹೆಂಡತಿ ತಟ್ಟೆಗಳ ಮುಚ್ಚಳ ತೆಗೆದಳು. ಸಾಹೇಬರ ಲಾರಿ ಗದ್ವಾಲಕ್ಕೆ ಹೊರಟಾಗ ಹುಡುಗಿಯರು ಅತ್ತರು, ಆದರೆ ನಡುನಡುವೆ ಗುಂಡ್ಯಾನಿಗೆ ಏನು ಹಾಕಬೇಕು, ಕರುವಿಗೆ ಏನು ಹಾಕಬಾರದು ಎಂಬ ಮಾತು ಇದ್ದುದರಿಂದ ಅಳು ನೋಡುವವರು ತಡೆದುಕೊಳ್ಳುವಷ್ಟೇ ಇತ್ತು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಲಾರಿ ಹೋದ ಮೇಲೆ ಕಟ್ಟೆಯ ಮೇಲೆ ಕುಳಿತಿದ್ದಾಗ ನಾನು ಸುಮ್ಮನಿರಲಾರದೆ ಕೇಳಿದೆ: "ನನ್ನ ಪರೀಕ್ಷಾಕ್ಕ ಬಿಟ್ಟಿದ್ದೆಲ್ಲವ್ವಾ ಟಗರು, ಅದಕ್ಕ ಯಾರು ಮೇವು ಹಾಕಿದ್ರು?"

"ಎಲ್ಲಾರೂ ಹಾಕಿದ್ರು. ಭಂಡಾರ ನೋಡಿದ್ರ ಗೊತ್ತಾಗ್ತೈತಲ್ಲ. ನಿನಗ ಹಾಕಿದಂಗ."

"ನನಗ?"

"ನೀ ನಾರಾಯಣಪೇಟೆಗೆ ಹೋಗೂಮುಂದ ನಿನ್ನ ಹಣಿಗೂ ಹಚ್ಚಿದ್ನೆಲ್ಲ. ನಾ ಮೊದಲ ಹೋಗಿ ಆ ಮನಿಯವರಿಗೆಲ್ಲ ಹೇಳಿ ಬಂದಿದ್ದೆ. ಬೀರಪ್ಪಗ ಬಿಟ್ಟ ಹುಡುಗ ಐತ್ರೀ, ತಿರುಗಿಕೋತ ಬಂದ್ರ ಒಂದು ರೊಟ್ಟಿ ಹಾಕ್ರಿ ಅಂತ. ಛಲೋ ಮಂದಿ, ಯಾರೂ ಇಲ್ಲ ಅನ್ನಲಿಲ್ಲ."

"ನಾ ಅವರ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಿದ್ನೆಲ್ಲವ್ವಾ" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಹೂಂ, ಅದನ್ನೂ ಅಂತಿದ್ರು" ಎಂದಳು ಅವ್ವ. "ಪಾಪ, ಹುಡುಗ ತಾ ಏನೋ ಹೇಳಿಕೊಡ್ತಾನ, ನಾವು ಬ್ಯಾಡ ಅನ್ನಂಗಿಲ್ಲ ಅಂತಿದ್ರು."

ಮರುದಿನ ಸೋಮವಾರ. ಬಟ್ಟೆ ಹಿಡಿದು ಫೋಟೋದ ಮುಂದೆ ನಿಂತೆ. ಟೊಪ್ಪಿಗೆಯ ಕೆಳಗೆ, ಎರಡು ಹುಬ್ಬಿನ ನಡುವೆ, ಅವ್ವನ ಬೆರಳಿನ ಗುರುತು ಗುಂಡ್ಯಾನಿಗೆ ಇದ್ದ ಜಾಗದಲ್ಲೇ ಇತ್ತು. ಒರೆಸದೆ ದಫ್ತರಕ್ಕೆ ಹೋದೆ. ಕುರ್ಚಿಯಲ್ಲಿ ಕೂರುತ್ತಿದ್ದ ಹಾಗೆ ಜವಾನ ಚಹಾ ತಂದು ಮುಂದಿಟ್ಟ. ನಾನು ಕೇಳಿರಲಿಲ್ಲ. ಇಷ್ಟು ವರ್ಷ ಅದು ಓದಿದವನಿಗೆ ಸಲ್ಲುವ ಮರ್ಯಾದೆ ಎಂದು ಕುಡಿಯುತ್ತಿದ್ದೆ. ಅವತ್ತು ಲೋಟ ಎತ್ತುವ ಮೊದಲು ಒಮ್ಮೆ ಹಣೆ ಮುಟ್ಟಿ ನೋಡಿಕೊಂಡೆ.