ಊರ ಹೊರಗಿರಲು ಒಂದು ಒಪ್ಪಂದ

ಮನೆಗೆ ಯಾರಾದರೂ ಬರುತ್ತಾರೆಂದರೆ ನನಗೆ ಕೈಕಾಲು ಆಡುವುದಿಲ್ಲ. ನೆಂಟರಾದರೆ ಪರವಾಗಿಲ್ಲ, ಕಂಡದ್ದನ್ನೆಲ್ಲ ಮಂಚದ ಕೆಳಗೆ ತಳ್ಳಿ ಚಾದರ ಇಳಿಬಿಟ್ಟರಾಯಿತು. ಆಫೀಸರೆಂದರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ತಪ್ಪು ನನ್ನದಲ್ಲ, ಚಾಮರಾಜಪೇಟೆಯ ನನ್ನ ಶಾಲೆಯದು. ಇನ್‌ಸ್ಪೆಕ್ಟರು ಬರುವ ದಿನ ನಮ್ಮ ಹೆಡ್‌ಮಾಸ್ಟರು ಗೋಡೆಗೆ ಸುಣ್ಣ ಬಳಿಸಿ, ದಡ್ಡ ಹುಡುಗರನ್ನೆಲ್ಲ ಆಟದ ಸಾಮಾನಿನ ಕೋಣೆಗೆ ಸೇರಿಸಿ ಬಾಗಿಲು ಹಾಕಿಸುತ್ತಿದ್ದರು. ಆ ಕೋಣೆಯಲ್ಲಿ ಕೂತವರಲ್ಲಿ ನಾನೂ ಒಬ್ಬ. ಆಫೀಸರು ಬಂದರೆ ಇರುವುದನ್ನು ಬಚ್ಚಿಡಬೇಕು ಎಂಬ ಪಾಠವೊಂದೇ ನನಗೆ ಅಲ್ಲಿ ಸರಿಯಾಗಿ ತಲೆಗೆ ಹತ್ತಿದ್ದು.

ಎಂಬತ್ತರ ದಶಕದ ಮಾತು. ನಾವಿದ್ದದ್ದು ವಿದೇಶದಲ್ಲಿ, ಲಿವರ್‌ಮೋರ್ ಎಂಬ ಊರಿನ ಅಂಚಿನಲ್ಲಿ, ಎರಡು ಎಕರೆ ಜಾಗದಲ್ಲಿ. ನಾನು ಎಂಜಿನಿಯರು, ಹೆಂಡತಿ ವನಜಾ ಉಡುಪಿ ಕಡೆಯವಳು. ಅವಳು ಅಲ್ಲಿ ಹರಿವೆ, ಅಲಸಂಡೆ, ಬದನೆ ಹಾಕಿದಳು. ಸಾಲದೆಂದು ಕಪಿಲೆ ಎಂಬ ಜೆರ್ಸಿ ಹಸುವನ್ನೂ ತಂದು ಕಟ್ಟಿದಳು. ಅಷ್ಟರಲ್ಲಿ ನಗರ ನಮ್ಮ ರಸ್ತೆಯನ್ನೂ ತನ್ನೊಳಗೆ ಸೇರಿಸಿಕೊಳ್ಳಲು ಹೊರಟಿತು. ಸೇರಿದರೆ ಹಸು ಇಟ್ಟುಕೊಳ್ಳುವಂತಿಲ್ಲ. ಬೇಸಾಯಗಾರರಿಗೆ ಮಾತ್ರ ಒಂದು ದಾರಿಯಿತ್ತು: ಒಪ್ಪಂದಕ್ಕೆ ಸಹಿ ಹಾಕಿದರೆ, ಬೇಸಾಯ ನಡೆಸುವಷ್ಟು ಕಾಲ ನಗರದ ಹೊರಗೇ ಇರಬಹುದು. ಬೇಸಾಯ ನಿಜವೇ ಎಂದು ನೋಡಲು ಒಬ್ಬ ಅಧಿಕಾರಿ ಬರುತ್ತಾನಂತೆ. "ಕಪಿಲೆಯನ್ನು ಬಿಟ್ಟು ನನ್ನಿಂದ ಇರ್ಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎಂದು ವನಜಾ ಕಣ್ಣೊರೆಸಿಕೊಂಡಳು. ಮದುವೆಯಾದ ಹನ್ನೆರಡು ವರ್ಷದಲ್ಲಿ ನನ್ನ ವಿಷಯದಲ್ಲಿ ಅವಳು ಆ ಮಾತು ಆಡಿದ್ದಿಲ್ಲ. ಆದರೂ ನನಗೆ ಪಾಪ ಎನಿಸಿತು.

ಅಧಿಕಾರಿ ಬರುವ ದಿನ ನಾನು ರಜೆ ಹಾಕಿದೆ. ವನಜಾ ಸನ್ನಿವೇಲ್ ಪೇಟೆಗೆ ಸಾಮಾನು ತರಲು ಹೋಗಿದ್ದಳು. ಅವಳು ಬರುವಷ್ಟರಲ್ಲಿ ಮನೆಯನ್ನು ಲಕ್ಷಣವಾಗಿಡೋಣವೆಂದು ಶುರು ಮಾಡಿದೆ. ಸೆಗಣಿಯನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದೆ. ಹರಿವೆಯನ್ನು ಕಳೆಯೆಂದೇ ತಿಳಿದು ಅದರ ಮೇಲೆ ಲಾನ್ ಮೋವರ್ ಓಡಿಸಿದೆ. ಬದನೆಗೂ ಅಲಸಂಡೆಗೂ ಬೆಡ್‌ಶೀಟು ಹೊದಿಸಿದೆ. ನನ್ನ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಹುಲ್ಲು, ಸೆಗಣಿ ಚೀಲ, ಕಪಿಲೆ ಎಲ್ಲವನ್ನೂ ಗರಾಜಿಗೆ ಸೇರಿಸಿ ಬಾಗಿಲೆಳೆದೆ. ಸ್ನಾನ ಮಾಡಿ ಟೈ ಕಟ್ಟಿಕೊಂಡೆ.

ಅಧಿಕಾರಿ ಬಂದು ಸುತ್ತಲೂ ನೋಡಿದ. "ಬಹಳ ಚೊಕ್ಕಟವಾಗಿದೆ," ಎಂದ. ನಾನು ಹಿಗ್ಗಿದೆ. "ಬೇಸಾಯ ಎಲ್ಲಿ?" ಎಂದ. ಅಯ್ಯೋ ದೇವರೇ! ನಾನು ಮಾಡಿದ್ದೇನೆಂದು ಆಗಲೇ ನನಗೆ ಹೊಳೆದದ್ದು. ನಿಜ ಹೇಳಿಬಿಡಬಹುದಿತ್ತು, ಆದರೆ ಟೈ ಕಟ್ಟಿಕೊಂಡು ಹಸು ಬಚ್ಚಿಟ್ಟೆನೆಂದು ಯಾವ ಬಾಯಲ್ಲಿ ಹೇಳಲಿ? "ಇದೆ... ಇತ್ತು..." ಎಂದು ತೊದಲಿದೆ. ಅವನು ತಲೆಯಾಡಿಸಿ ಫಾರಮ್ಮು ತೆರೆದು ಪೆನ್ನು ತೆಗೆದ.

ಅಷ್ಟರಲ್ಲಿ ವನಜಾ ಬಂದಿಳಿದಳು. ಖಾಲಿ ಗೂಟ ನೋಡಿ ಅವಳ ಮುಖ ಬಿಳಿಚಿತು.

"ಕಪಿಲೆ ಎಲ್ಲುಂಟು?"

"ಗರಾಜಿನಲ್ಲಿ," ಎಂದೆ ಮೆಲ್ಲಗೆ.

"ಗರಾಜಿನಲ್ಲಾ? ನಿಮಗೆ ಎಂತ ಮರ್ಲಾ? ದನ ಎಂತ ಸ್ಕೂಟರಾ?"

ಅವಳು ಬಾಗಿಲೆತ್ತಿದಳು. ಕಪಿಲೆ ನನ್ನ ರೇನ್‌ಕೋಟಿನ ತೋಳನ್ನು ಅಗಿಯುತ್ತಾ ಹೊರಬಂತು. ಹಿಂದೆಯೇ ಹುಲ್ಲಿನ ಕಂತೆ ಉರುಳಿತು. ಚೀಲ ಒಡೆದು ಸೆಗಣಿ ಅಧಿಕಾರಿಯ ಬೂಟಿನವರೆಗೂ ಹರಿಯಿತು. ಅವನು ಕೆಳಗೆ ನೋಡಿ, ಮೂಗು ಮುಚ್ಚಿಕೊಂಡು, 'ಬೇಸಾಯ ಇದೆ' ಎಂದು ಬರೆದ. ವನಜಾ ಕಪಿಲೆಯ ಕುತ್ತಿಗೆ ತಬ್ಬಿಕೊಂಡು ಅತ್ತಳು, ಮತ್ತೆ ನಕ್ಕಳು. ನನಗೂ ಹೋದ ಜೀವ ಬಂದಂತಾಯಿತು.

"ನಿಮ್ಮಿಬ್ಬರಲ್ಲಿ ಬೇಸಾಯಗಾರರು ಯಾರು?" ಎಂದ ಅಧಿಕಾರಿ.

"ನಾನು," ಎಂದಳು ವನಜಾ.

"ಇವರು?"

ಅವಳು ಕತ್ತರಿಸಿದ ಹರಿವೆಯನ್ನೊಮ್ಮೆ, ನನ್ನ ಟೈಯನ್ನೊಮ್ಮೆ ನೋಡಿದಳು. "ದನದ ಹಟ್ಟಿ ಕೆಲಸಕ್ಕೆ. ಇವತ್ತಿನಿಂದ," ಎಂದು ಇಂಗ್ಲಿಷಿನಲ್ಲೇ ಹೇಳಿದಳು. ಅವನು ಅದನ್ನೂ ಬರೆದುಕೊಂಡ. ಬೇಸಾಯ ನಿಂತರೆ ಒಪ್ಪಂದ ಮುರಿಯುತ್ತದಲ್ಲ, ಹಾಗಾಗಿ ದಿನಾ ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ಸೆಗಣಿ ಬಾಚುತ್ತಿದ್ದೆ. ಬೇಸಾಯಗಾರಳೆಂದು ಸಹಿ ಹಾಕಿದವಳು ಮಲಗಿರುತ್ತಿದ್ದಳು.