ನಾಲ್ಕೂ ಒಂದೇ ಥರ

ಕೊಂಬಯ್ಯನ ಭಾನುವಾರ ಕೆಟ್ಟದ್ದು ಹೆಂಡತಿಯ ಒಂದೇ ಒಂದು ಮಾತಿನಿಂದ. ಅದೂ ಜಗಳದ ಮಾತಲ್ಲ. ಅಡುಗೆಮನೆಯ ಕಿಟಕಿಯಿಂದ ಅಂಗಳದತ್ತ ನೋಡುತ್ತ ಆಕೆ ಅಂದದ್ದು ಇಷ್ಟೇ:

"ರೀ, ಅಕ್ಕನ ಕಾರಿನ ಚಕ್ರ ಯಾಕೋ ಕಪ್ಪಗಿದೆ. ಸಂಜೆ ಬರ್ತಾಳಲ್ಲ, ಸ್ವಲ್ಪ ಒರೆಸಿಬಿಡಿ."

ಕೊಂಬಯ್ಯ ಎಂಬುದು ಅವನ ನಿಜವಾದ ಹೆಸರಲ್ಲ. ಅವನಿಗೆ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ. ಅಕ್ಷರಕ್ಕೆ ಹತ್ತಬೇಕಾದ ಕೊಂಬು ಹತ್ತದೆ ಹೋದರೆ ಗಂಟಲಲ್ಲಿ ಅನ್ನ ಇಳಿಯದ ಸ್ವಭಾವ. ಜೊತೆಯವರು ತಮಾಷೆಗೆ ಇಟ್ಟ ಹೆಸರು ಅವನ ಸ್ಕೂಟರಿನ ಹಿಂದೆಯೇ ಬೀದಿಯವರೆಗೂ ಬಂದು, ಈಗ ಸಿಟ್ಟು ಬಂದಾಗ ಹೆಂಡತಿಯೂ ಅದನ್ನೇ ಬಳಸುತ್ತಿದ್ದಳು. ಎಂಥ ತಪ್ಪನ್ನಾದರೂ ತಿದ್ದಿ ಸರಿಮಾಡಬಹುದು ಎಂಬುದು ಅವನ ನಂಬಿಕೆ. ಆ ಬೆಳಿಗ್ಗೆಯವರೆಗೂ ಅದಕ್ಕೆ ಧಕ್ಕೆ ಬಂದಿರಲಿಲ್ಲ.

ಕಾರು ಹೆಂಡತಿಯ ಅಕ್ಕನದು. ಆಕೆ ಹೈಸ್ಕೂಲಿನಲ್ಲಿ ಹೆಡ್‌ಮಿಸ್, ಮನೆಯಲ್ಲೂ ಹೆಡ್‌ಮಿಸ್. ಆಕೆ ಕೆಮ್ಮಿದರೆ ಕೊಂಬಯ್ಯ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಆಕೆಯ ಗಂಡ, ಅಂದರೆ ಕೊಂಬಯ್ಯನ ಷಡ್ಡಕ, ಹೆಂಡತಿಯ ಮಾತು ಮುಗಿಯುವ ಮೊದಲೇ ತಲೆಯಾಡಿಸಿ ಆಡಿಸಿ ಕತ್ತು ಸ್ವಲ್ಪ ಮುಂದಕ್ಕೆ ವಾಲಿದ ಸಾಧು ಮನುಷ್ಯ. ತಮ್ಮ ಬೀದಿಯನ್ನು ಪೈಪಿಗಾಗಿ ಅಗೆದಿದ್ದಾರೆಂದು ಕಾರನ್ನು ಇವರ ಅಂಗಳದಲ್ಲಿ ನಿಲ್ಲಿಸಿ ಇಬ್ಬರೂ ರೈಲಿನಲ್ಲಿ ನೆಂಟರ ಮನೆಗೆ ಹೋಗಿದ್ದರು. ಹೊರಡುವಾಗ ಅತ್ತಿಗೆ ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದ್ದರು: "ಹೇಗಿದೆಯೋ ಹಾಗೇ ಇರ್ಲಿ."

ಹೇಗಿತ್ತೋ ಹಾಗೇ ಇರಲು ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕೊಂಬಯ್ಯ ಹಳೆಯ ಬನಿಯನ್ನೊಂದನ್ನು ಒದ್ದೆ ಮಾಡಿಕೊಂಡು ಮುಂದಿನ ಚಕ್ರದ ಎದುರು ಕುಕ್ಕರಗಾಲಿನಲ್ಲಿ ಕೂತ. ಅಲಾಯ್ ಚಕ್ರವನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸ್ಕೂಟರಿನ ಚಕ್ರದಂತೆ ಒಂದು ತಟ್ಟೆಯಲ್ಲ ಅದು. ಐದು ದಪ್ಪ ಕಡ್ಡಿ, ಪ್ರತಿ ಕಡ್ಡಿಗೂ ಎರಡು ಕವಲು, ಕವಲಿನ ಸಂದಿಗೊಂದು ಗೂಡು. ಎಲ್ಲ ಗೂಡಿನಲ್ಲೂ ಕಾಡಿಗೆಯಂಥ ಕಪ್ಪು ಪುಡಿ. ಒರೆಸಿದ. ಪುಡಿ ಹೋಗಲಿಲ್ಲ, ಹರಡಿತು. ಮತ್ತೆ ಒರೆಸಿದ. ಬನಿಯನ್ನು ಕಪ್ಪಾಯಿತು, ಕೈ ಕಪ್ಪಾಯಿತು, ಮೂಗು ತುರಿಸಿತು, ಮೂಗೂ ಕಪ್ಪಾಯಿತು. ಚಕ್ರ ಮಾತ್ರ ಮೊದಲಿನಷ್ಟೇ ಕಪ್ಪಗಿತ್ತು.

"ಅದು ಬ್ರೇಕಿನ ಧೂಳು ಸ್ವಾಮಿ. ಬರೀ ನೀರಿಗೆ ಬಗ್ಗಲ್ಲ."

ತಲೆಯೆತ್ತಿದರೆ ಮಹಡಿಯ ಬಾಲ್ಕನಿಯಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ನಿವೃತ್ತರಾದ ಮೇಲೆ ಪಾಠ ಕೇಳುವವರಿಲ್ಲದೆ ಸೊರಗಿದ್ದ ಅವರು ಇಂಥ ಗಳಿಗೆಗಾಗಿಯೇ ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೇ ಬಂದರು.

"ಬ್ರೇಕ್ ಹಾಕಿದಾಗೆಲ್ಲ ಒಳಗೆ ಕಬ್ಬಿಣ ಸವೆದು ಪುಡಿಯಾಗಿ ಇಲ್ಲಿ ಬಂದು ಕೂರುತ್ತೆ. ಕಬ್ಬಿಣಕ್ಕೆ ಏನು ಬೇಕು?"

"ಏನು ಬೇಕು?"

"ಆಸಿಡ್! ಬಚ್ಚಲು ತೊಳೆಯೋದು ಇದೆಯಲ್ಲ ಮನೇಲಿ?"

ಇತ್ತು. ಕೊಂಬಯ್ಯ ತಂದ, ಮೇಷ್ಟ್ರು ಸುರಿದರು. ಬುಸ್ ಎಂದು ನೊರೆ ಎದ್ದಿತು, ಬಿಳಿ ಹೊಗೆ ಸುರುಳಿ ಸುತ್ತಿತು. ಇಬ್ಬರೂ ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದರು.

"ನೋಡಿ, ಪ್ರತಿಕ್ರಿಯೆ ನಡೀತಿದೆ," ಎಂದರು ಮೇಷ್ಟ್ರು. ಮುಖದಲ್ಲಿ ತುಂಬಿದ ತರಗತಿಯ ಮುಂದೆ ನಿಂತ ಕಳೆ.

"ಯಾವಾಗ ನಿಲ್ಲುತ್ತೆ ಸಾರ್?"

ಮೇಷ್ಟ್ರು ಯೋಚಿಸಿದರು. "ಆಸಿಡ್ ಮುಗೀಬೇಕು. ಇಲ್ಲಾಂದ್ರೆ ಲೋಹ ಮುಗೀಬೇಕು."

ಕೊಂಬಯ್ಯ ಓಡಿಹೋಗಿ ಬಕೆಟ್ಟು ನೀರು ತಂದು ಎರಚಿದ. ನೊರೆ ಇಳಿದ ಮೇಲೆ ನೋಡಿದರೆ ಕಪ್ಪು ಪುಡಿ ಹೋಗಿತ್ತು. ಮೇಷ್ಟ್ರ ಮಾತು ಸುಳ್ಳಾಗಿರಲಿಲ್ಲ. ಆದರೆ ಪುಡಿಯ ಜೊತೆ ಹೊಳಪೂ ಹೊರಟುಹೋಗಿತ್ತು. ಚಕ್ರದ ಮೇಲೆಲ್ಲ ಸುಣ್ಣ ಚೆಲ್ಲಿದಂಥ ಬಿಳಿ ಮಚ್ಚೆ. ಬಟ್ಟೆಯಿಂದ ಉಜ್ಜಿದರೂ ಹೋಗಲಿಲ್ಲ, ಉಗುರಿನಿಂದ ಕೆರೆದರೂ ಹೋಗಲಿಲ್ಲ.

"ಇದು ಪುಸ್ತಕದಲ್ಲಿ ಇರ್ಲಿಲ್ಲ," ಎಂದರು ಮೇಷ್ಟ್ರು ಮೆಲ್ಲಗೆ.

"ಏನಪ್ಪಾ ಅದು ಘಾಟು? ಊರಿಗೇ ಬೆಂಕಿ ಬಿತ್ತಾ?" ಎನ್ನುತ್ತ ಎದುರುಮನೆ ಅಜ್ಜಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಬಂದಿದ್ದರು, ಅಂದರೆ ಸಮಾಚಾರ ಪೂರ್ತಿ ತಿಳಿದೇ ಬಂದಿದ್ದರು. ಬಗ್ಗಿ ಚಕ್ರವನ್ನು ನೋಡಿ, ಮೇಷ್ಟ್ರನ್ನು ನೋಡಿ, ಕೊಂಬಯ್ಯನಿಗೆ ತೀರ್ಪು ಹೇಳಿದರು:

"ಗಂಡಸರ ಕೈಗೆ ಪಾತ್ರೆ ಕೊಟ್ರೆ ಇದೇ ಗತಿ. ಇದಕ್ಕೆ ಔಷಧ ಗಿವುಷಧ ಬೇಕಾ? ತೋಳಲ್ಲಿ ಶಕ್ತಿ ಬೇಕು. ಸ್ಟೀಲ್ ನಾರು ತಗೊಂಡ್ ಬಾ."

"ಅಜ್ಜಿ, ಅದು ಪಾತ್ರೆ ಅಲ್ಲ..."

"ದುಂಡಗಿದೆಯೋ ಇಲ್ವೋ?"

ದುಂಡಗೇ ಇತ್ತು. ಕೊಂಬಯ್ಯ ವಾದಿಸಲಾರದೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತಂದುಕೊಟ್ಟ. ಅಜ್ಜಿ ಸುಟ್ಟ ಹಾಲಿನ ತಪ್ಪಲೆಯನ್ನು ಬಗ್ಗಿಸುವವರಂತೆ ಚಕ್ರದ ಮೇಲೆ ಬಿದ್ದರು. ಗರಗರ ಸದ್ದಿಗೆ ಕೊಂಬಯ್ಯನ ಹಲ್ಲು ಜುಮ್ಮೆಂದಿತು. ಬಿಳಿ ಮಚ್ಚೆಗಳೇನೋ ಮಾಯವಾದವು. ಅವಿದ್ದ ಕಡೆಯೂ ಇಲ್ಲದ ಕಡೆಯೂ ಚಕ್ರ ಮಳೆಗಾಲದ ಮೋಡದ ಬಣ್ಣಕ್ಕೆ ತಿರುಗಿತು. ಮುಟ್ಟಿದರೆ ಬೆಕ್ಕಿನ ನಾಲಿಗೆ ನೆಕ್ಕಿದ ಹಾಗೆ ತರಿತರಿ.

"ಈಗ ನೋಡು," ಎಂದರು ಅಜ್ಜಿ, ಸೊಂಟ ಹಿಡಿದು ಏಳುತ್ತ.

ಕೊಂಬಯ್ಯ ನೋಡಿದ. ಹಿಂದಿನ ಚಕ್ರ ಧೂಳಿನ ನಡುವೆಯೂ ಮಿರಮಿರ ಮಿಂಚುತ್ತಿತ್ತು. ಮುಂದಿನದು ಜ್ವರ ಬಿಟ್ಟೆದ್ದವರ ಮುಖದಂತೆ ಪೆಚ್ಚಾಗಿತ್ತು.

"ಅಯ್ಯೋ, ಅಕ್ಕ ಕೊಂದೇಬಿಡ್ತಾಳೆ," ಎಂದಳು ಬಾಗಿಲಲ್ಲಿ ನಿಂತ ಹೆಂಡತಿ. ಯಾರನ್ನು ಎಂದು ಹೇಳುವ ಅಗತ್ಯವಿರಲಿಲ್ಲ.

ಆಗ ಬಂದವರು ಬೀದಿಯ ನಿವಾಸಿಗಳ ಸಂಘದ ಸೆಕ್ರೆಟರಿ. ಅಂಗಳದಿಂದ ಹರಿದ ನೀರು ರಸ್ತೆಗೆ ಬಂದಿದೆ ಎಂದು ಆಕ್ಷೇಪಿಸಲು ಬಂದವರು, ಚಕ್ರ ನೋಡಿ ಆಕ್ಷೇಪಣೆ ಮರೆತರು. ಕಾರಿನ ಸುತ್ತ ಒಂದು ಸುತ್ತು ಬಂದರು. ಕೈ ಹಿಂದೆ ಕಟ್ಟಿ ಇನ್ನೊಂದು ಸುತ್ತು ಬಂದರು.

"ಸಮಸ್ಯೆ ಏನು ಗೊತ್ತಾ? ಒಂದು ಚಕ್ರ ಬೇರೆ ಥರ ಇದೆ. ಅದಕ್ಕೇ ಹಾಳಾದ ಹಾಗೆ ಕಾಣ್ತಿದೆ. ನಾಲ್ಕೂ ಒಂದೇ ಥರ ಇದ್ರೆ ಅದಕ್ಕೆ ಹಾಳಾಗಿದೆ ಅಂತಾರಾ? ಡಿಸೈನ್ ಅಂತಾರೆ."

ಕೊಂಬಯ್ಯನಿಗೆ ಕತ್ತಲಲ್ಲಿ ದೀಪ ಹಚ್ಚಿದಂತಾಯಿತು. ಇದು ಅವನ ವೃತ್ತಿಯಲ್ಲೇ ಇದ್ದ ಸತ್ಯ. ಪುಸ್ತಕದಲ್ಲಿ ಒಂದು ಕಡೆ ಪದ ತಪ್ಪಾದರೆ ಅದು ಮುದ್ರಣದೋಷ. ಮೊದಲ ಪುಟದಿಂದ ಕೊನೆಯವರೆಗೂ ಹಾಗೇ ಇದ್ದರೆ ಲೇಖಕರ ಶೈಲಿ. ಎಷ್ಟೋ ಲೇಖಕರ ಮಾನವನ್ನು ಅವನು ಹೀಗೆ ಉಳಿಸಿದ್ದ. ಇವತ್ತು ತನ್ನದನ್ನು ಉಳಿಸಿಕೊಳ್ಳಲಾರನೇ?

ಕೆಲಸ ಶುರುವಾಯಿತು. ಮೇಷ್ಟ್ರು ಆಸಿಡ್ ಹನಿಸುವುದು, ಕೊಂಬಯ್ಯ ನೀರು ಎರಚುವುದು, ಅಜ್ಜಿ ಮೆಟ್ಟಿಲ ಮೇಲೆ ಕೂತು "ಗೂಡಿನೊಳಗೆ ಬೆರಳು ಹಾಕು, ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ" ಎಂದು ಅವನಿಂದಲೇ ಉಜ್ಜಿಸುವುದು. ಸೆಕ್ರೆಟರಿಯವರು ಒಂದು ಕಣ್ಣು ಮುಚ್ಚಿ ಬಣ್ಣ ಹೋಲಿಸುತ್ತ "ಇನ್ನೂ ಸ್ವಲ್ಪ ಮಂಕಾಗ್ಲಿ, ಇನ್ನೂ ಸ್ವಲ್ಪ" ಎನ್ನುವುದು. ಸಾವಿರಾರು ರೂಪಾಯಿಯ ಹೊಳಪನ್ನು ಇಷ್ಟು ಶ್ರದ್ಧೆಯಿಂದ ಕಳೆಯುವ ಜನರನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಹೆಂಡತಿ ಕರೆದಳು, ಯಾರೂ ಏಳಲಿಲ್ಲ. ತಟ್ಟೆ ಹೊರಗೇ ಬಂತು. ಕೊಂಬಯ್ಯನ ಕೈಯ ಸ್ಥಿತಿ ನೋಡಿ ಅಜ್ಜಿಯೇ ಅವನಿಗೆ ತುತ್ತಿಟ್ಟರು, ತುತ್ತಿಗೊಂದು ಬೈಗುಳ ಸೇರಿಸಿ.

ಕೊನೆಯ ಚಕ್ರ ಕಾಂಪೌಂಡ್ ಗೋಡೆಯ ಕಡೆಗಿತ್ತು. ಕಾರಿಗೂ ಗೋಡೆಗೂ ನಡುವೆ ಕೊಂಬಯ್ಯ ಅಡ್ಡಡ್ಡ ತೂರಿಕೊಂಡು, ಹೊಟ್ಟೆಯನ್ನು ಬೆನ್ನಿಗಂಟಿಸಿ ಉಜ್ಜಿದ. ಆ ಚಕ್ರದ ಅಂಚಿನಲ್ಲಿ ಮಾತ್ರ ಒಂದು ಆಳವಾದ ಗೀರು ಎಷ್ಟು ಉಜ್ಜಿದರೂ ಹೋಗಲಿಲ್ಲ. ತನ್ನದೇ ಕೈ ಜೋರಾಯಿತೇನೋ ಎಂದು ಅವನು ಒಳಗೊಳಗೇ ಬೆವರಿ, ಸ್ಯಾಂಡ್ ಪೇಪರ್ ತರಿಸಿ, ಬೆರಳ ತುದಿ ಸವೆಯುವಷ್ಟು ತಿಕ್ಕಿ, ಕಡೆಗೂ ಗೀರನ್ನು ಉಳಿದ ಮಂಕಿನಲ್ಲಿ ಮುಳುಗಿಸಿದ.

ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ನಾಲ್ಕೂ ಚಕ್ರ ಒಂದೇ ತಾಯಿಯ ಮಕ್ಕಳಂತೆ ಬೂದುಬಣ್ಣದಲ್ಲಿ ನಿಂತಿದ್ದವು. ಎಲ್ಲರೂ ಕೈ ಕಟ್ಟಿಕೊಂಡು ನೋಡುತ್ತಿರುವಾಗಲೇ ಗೇಟಿನ ಮುಂದೆ ಆಟೋ ನಿಂತಿತು.

ಸಹಾಯಕ್ಕೆ ಬಂದವರೆಲ್ಲ ಅರೆಗಳಿಗೆಯಲ್ಲಿ ಕರಗಿಹೋದರು. ಮೇಷ್ಟ್ರು ಬಾಲ್ಕನಿ ಸೇರಿದರು, ಅಜ್ಜಿ ತಮ್ಮ ಬಾಗಿಲು ಸೇರಿದರು, ಸೆಕ್ರೆಟರಿ ರಸ್ತೆಯ ನೀರು ಪರೀಕ್ಷಿಸತೊಡಗಿದರು. ಅಂಗಳದಲ್ಲಿ ಉಳಿದವನು ಕೊಂಬಯ್ಯ ಒಬ್ಬನೇ.

ಅತ್ತಿಗೆ ಆಟೋದಿಂದ ಇಳಿದು, "ಕಾಲು ಹಿಡ್ಕೊಂಡಿದೆ ಕಣೇ, ಮೊದಲು ಕಾಫಿ ಕೊಡು," ಎನ್ನುತ್ತ ಕಾರಿನತ್ತ ನೋಡದೆ ಒಳಗೆ ಹೋದರು. ಚೀಲ ಇಳಿಸಿ ಹಿಂದೆ ಬಂದ ಷಡ್ಡಕರು ಕಾರಿನ ಮುಂದೆ ಗಕ್ಕನೆ ನಿಂತರು. ಒಂದು ಚಕ್ರ ನೋಡಿದರು. ಇನ್ನೊಂದು ನೋಡಿದರು. ಆಮೇಲೆ ಗೋಡೆಯ ಸಂದಿಗೆ ತೂರಿ ಕೊನೆಯದನ್ನು ಬೆರಳಾಡಿಸಿ ನೋಡಿದರು.

"ಭಾವ, ತಪ್ಪಾಯ್ತು..." ಎಂದು ಕೊಂಬಯ್ಯ ಶುರುಮಾಡಿದ.

ಷಡ್ಡಕರು ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

"ಏನೂ ಹೇಳ್ಬೇಡಿ. ನೀವು ದೇವರು." ದನಿ ತಗ್ಗಿಸಿದರು. "ಹೋದ ತಿಂಗಳು ಆ ಚಕ್ರನ ಫುಟ್‌ಪಾತಿಗೆ ಉಜ್ಜಿಬಿಟ್ಟಿದ್ದೆ. ಇಷ್ಟುದ್ದ ಗೀರು. ಅವಳಿಗೆ ಕಾಣದ ಹಾಗೆ ಆ ಕಡೇನ ಗೋಡೆಗೆ ಒತ್ತಿ ಒತ್ತಿ ನಿಲ್ಲಿಸ್ತಾ ಬಂದೆ. ಕಾರು ನಿಮ್ಮನೇಲಿ ಬಿಡೋಣ ಅಂದದ್ದೂ ನಾನೇ. ವಾಪಸ್ ಬಂದ್ಮೇಲೆ, ಇಲ್ಲೇ ಆಗಿರ್ಬೇಕು ಅನ್ನೋಣ ಅಂತ."

ಕೊಂಬಯ್ಯನಿಗೆ ತಾನು ಆ ಗೀರಿನ ಮೇಲೆ ಸವೆಸಿದ ಬೆರಳುಗಳು ಚುರ್ ಎಂದವು. "ಅಂದ್ರೆ ಅದು ನಾನು ಮಾಡಿದ್ದಲ್ವಾ?"

"ನೀವು ಹೂಂ ಅಂದ್ರೆ ನೀವೇ. ಹೇಗೂ ನಾಲ್ಕು ಹಾಳ್ಮಾಡಿದೀರಿ, ಅದರಲ್ಲಿ ಅದೂ ಒಂದು. ಒಂದು ಸಲ ಬೈಸ್ಕೊಂಡ್ರೆ ಮುಗೀತು. ನಾನಾದ್ರೆ ಜೀವನಪೂರ್ತಿ."

ಆ ವಾಲಿದ ಕತ್ತನ್ನು ನೋಡಿ ಕೊಂಬಯ್ಯನ ಕರುಳು ಚುರುಕ್ಕೆಂದಿತು. ಮನೆಯವರ ಕೈಲಿ ಬೈಸಿಕೊಳ್ಳುವುದರ ರುಚಿ ಅವನಿಗೇನೂ ಹೊಸದಲ್ಲ. "ಆಯ್ತು ಭಾವ," ಎಂದ.

ಅವನು ಬಾಯಿ ಮುಚ್ಚುವ ಮೊದಲೇ ಷಡ್ಡಕರು ಒಳಕ್ಕೆ ತಿರುಗಿ ಗಂಟಲು ಬಿಟ್ಟು ಕೂಗಿದರು. "ಏ, ಬಾ ಇಲ್ಲಿ! ನಿನ್ನ ತಂಗಿ ಗಂಡ ಚಕ್ರಕ್ಕೆ ಏನು ಮಾಡಿಟ್ಟಿದಾರೆ ನೋಡು ಬಾ!"

ಅತ್ತಿಗೆ ಕಾಫಿ ಲೋಟ ಹಿಡಿದೇ ಹೊರಬಂದರು. ಹಿಂದೆ ತಂಗಿ, ಸೆರಗಿನ ತುದಿ ಬಾಯಿಗೊತ್ತಿಕೊಂಡು. ಅತ್ತಿಗೆ ಕನ್ನಡಕ ಸರಿಪಡಿಸಿಕೊಂಡು ಕಾರಿನ ಸುತ್ತ ನಡೆದರು, ಪರೀಕ್ಷೆಯ ಕೋಣೆಯಲ್ಲಿ ನಡೆಯುವಂತೆ. ಕೊಂಬಯ್ಯ ಕಣ್ಣು ಮುಚ್ಚಿದ.

"ಚೆನ್ನಾಗಿದೆ," ಎಂದರು ಅತ್ತಿಗೆ.

ಕೊಂಬಯ್ಯ ಒಂದು ಕಣ್ಣು ತೆರೆದ.

"ಆ ಥಳಕು ನನಗೆ ಮೊದ್ಲಿಂದ್ಲೂ ಸೇರ್ತಿರ್ಲಿಲ್ಲ. ಷೋರೂಮಿನವನು ಹಾಕಿಬಿಟ್ಟ. ಈಗ ಶಿಸ್ತಾಗಿದೆ, ಯೂನಿಫಾರ್ಮ್ ಹಾಕಿದ ಮಕ್ಕಳ ಹಾಗೆ. ಯಾರ ಯೋಚನೆ ಇದು?"

ಕೊಂಬಯ್ಯ ಬಾಯಿ ತೆರೆದ. ಅವನ ಜೀವಮಾನದಲ್ಲಿ ಅತ್ತಿಗೆ ಅವನ ಕೆಲಸವನ್ನು ಚೆನ್ನಾಗಿದೆ ಎಂದದ್ದು ಇದೇ ಮೊದಲು.

"ನಂದೇ," ಎಂದರು ಷಡ್ಡಕರು. ಕತ್ತು ನೆಟ್ಟಗಾಗಿತ್ತು. "ಹೋಗುವಾಗ್ಲೇ ಹೇಳಿ ಹೋಗಿದ್ದೆ ಇವರಿಗೆ. ಪಾಪ, ಹೇಳಿದ ಹಾಗೇ ಮಾಡಿದಾರೆ."

ಕೊಂಬಯ್ಯ ತೆರೆದ ಬಾಯನ್ನು ಏನು ಮಾಡುವುದೆಂದು ತಿಳಿಯದೆ ಆಕಳಿಸಿದ.

"ಪರವಾಗಿಲ್ವೇ, ನಿಮಗೂ ಅಭಿರುಚಿ ಇದೆ," ಎಂದು ಅತ್ತಿಗೆ ಗಂಡನ ಹೆಗಲು ತಟ್ಟಿದರು. ಕಾಫಿಯ ಕೊನೆಯ ಗುಟುಕು ಮುಗಿಸಿ ಕೊಂಬಯ್ಯನತ್ತ ತಿರುಗಿದರು. "ನಮ್ಮ ಶಾಲೆ ವ್ಯಾನುಗಳ ಚಕ್ರ ಒಂದೊಂದು ಒಂದೊಂದು ಬಣ್ಣ, ನೋಡಕ್ಕಾಗಲ್ಲ. ಬರೋ ಭಾನುವಾರ ಕಳಿಸ್ತೀನಿ. ನಿಮಗೆ ಬೇರೆ ಕೆಲಸ ಏನಿಲ್ಲ ತಾನೇ?"

ಇದೆ ಎಂದು ಹೇಳಲು ಕೊಂಬಯ್ಯ ಉಸಿರೆಳೆದುಕೊಂಡ.

"ಏನಿಲ್ಲ, ಏನಿಲ್ಲ!" ಎಂದರು ಬಾಲ್ಕನಿಯಿಂದ ಮೇಷ್ಟ್ರು. "ಎಲ್ಲಾನೂ ಕಳಿಸಿ ಮೇಡಂ. ನಾವೂ ಇಲ್ಲೇ ಇರ್ತೀವಿ."